ಬೊಮ್ಮಪ್ಪನ ಕಣ್ಣಿನ ಸುಳಿ

ಕೂಡ್ಲಿಗಿಯ ದನದ ದಲ್ಲಾಳಿ ಬೊಮ್ಮಪ್ಪನಿಗೆ ಹುಟ್ಟಿನಿಂದ ಬೆವರು ಬರುತ್ತಿರಲಿಲ್ಲ. ಏಪ್ರಿಲ್ ತಿಂಗಳ ಸಂತೆಯಲ್ಲಿ ಎತ್ತುಗಳು ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿರುವಾಗ, ಮಾರುವವನೂ ಕೊಳ್ಳುವವನೂ ಕುತ್ತಿಗೆ ಒರೆಸಿ ಒರೆಸಿ ಸಾಕಾಗಿರುವಾಗ, ಅವನ ಮುಖ ಸುಣ್ಣ ಬಳಿದ ಗೋಡೆಯಂತೆ ಒಣಗಿರುತ್ತಿತ್ತು. ಒಳಗೆ ಅವನು ಬೇಯುತ್ತಿದ್ದ. ತಲೆ ತಿರುಗುತ್ತಿತ್ತು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಹೊರಗೆ ಏನೂ ಕಾಣಿಸುತ್ತಿರಲಿಲ್ಲವಾದ್ದರಿಂದ ಸಂತೆಯವರು ಬೇರೆಯೇ ತೀರ್ಮಾನಕ್ಕೆ ಬಂದಿದ್ದರು: ಎಂಥ ದೊಡ್ಡ ವ್ಯವಹಾರಕ್ಕೂ ಈ ಮನುಷ್ಯ ಬೆವರುವುದಿಲ್ಲ, ಗಟ್ಟಿ ಕುಳ.

ಇನ್ನೊಂದು ಸಂಗತಿ ಅವನ ಕೈಗಳದು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹಿಡಿದ ಬೆರಳುಗಳೇ ಮಾತು. ಬೊಮ್ಮಪ್ಪನ ಅಂಗೈ ಅಂಗಾಲುಗಳು ಚಿಕ್ಕಂದಿನಿಂದ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯುತ್ತಿದ್ದವು. ಬಿಸಿಲೇರಿದಂತೆ ಉರಿಯೂ ಏರುತ್ತಿತ್ತು. ಮಾರುವವನು ಬೆರಳು ಒತ್ತಿದರೆ ಇವನ ಮುಖ ಕಿವುಚಿಕೊಳ್ಳುತ್ತಿತ್ತು. ತಾನು ಕೇಳಿದ್ದು ಜಾಸ್ತಿಯಾಯಿತೆಂದು ಅವನು ಇಳಿಯುತ್ತಿದ್ದ. ಕೊಳ್ಳುವವನು ಒತ್ತಿದರೂ ಅದೇ ಮುಖ. ತನ್ನದು ತೀರ ಕಡಿಮೆಯಾಯಿತೆಂದು ಅವನು ಏರುತ್ತಿದ್ದ. ಇಬ್ಬರೂ ನಡುದಾರಿಗೆ ಬಂದು ನಿಲ್ಲುವಷ್ಟರಲ್ಲಿ ಬೊಮ್ಮಪ್ಪ ಕೈ ಕಿತ್ತುಕೊಂಡು "ಆತು" ಎನ್ನುತ್ತಿದ್ದ, ಯಾಕೆಂದರೆ ಅದಕ್ಕಿಂತ ಹೆಚ್ಚು ಹೊತ್ತು ಕೈ ಕೊಡುವುದು ಅವನಿಂದ ಆಗುತ್ತಿರಲಿಲ್ಲ. ಹೀಗೆ ಅವನು ಐದು ತಾಲೂಕಿನಲ್ಲೂ ಅತಿ ಬೇಗ ವ್ಯಾಪಾರ ಕುದುರಿಸುವ ದಲ್ಲಾಳಿಯೆಂದು ಹೆಸರಾದ.

ಇವೆರಡೂ ಒಂದೇ ಕಾಯಿಲೆಯ ಗುರುತುಗಳೆಂದು ಯಾರಿಗೂ ಹೊಳೆದಿರಲಿಲ್ಲ. ಚಿಕ್ಕವನಿದ್ದಾಗ ಅವನು ಬೇಸಿಗೆ ಬಂತೆಂದರೆ ದನಗಳು ನೀರು ಕುಡಿಯುವ ತೊಟ್ಟಿಯಲ್ಲಿ ಕಾಲಿಟ್ಟು ಕೂತು ಅಳುತ್ತಿದ್ದ. ಶಾಲೆಯ ಮಾಸ್ತರರು ನಾಟಕವೆಂದು ಬಡಿದರು. ತಾಯಿ ಗಿಡ್ಡಮ್ಮ ಉಷ್ಣವೆಂದು ಹರಳೆಣ್ಣೆ ಹಚ್ಚಿದಳು. ಊರಿಗೆ ಬಂದ ಡಾಕ್ಟರೊಬ್ಬರು ಹೊಟ್ಟೆಹುಳಕ್ಕೆ ಔಷಧ ಕೊಟ್ಟರು. ಗಿಡ್ಡಮ್ಮನ ಅಣ್ಣನಿಗೂ ಹೀಗೇ ಉರಿಯುತ್ತಿತ್ತು. ಅವನು ನಡುವಯಸ್ಸಿಗೆ ಬರುವ ಮೊದಲೇ ಮೈ ಬಾತು ಸತ್ತ. ಮನೆಯಲ್ಲಿ ಅದನ್ನು ಅವನ ಸಿಟ್ಟಿನ ಖಾತೆಗೆ ಹಾಕಿ ಸುಮ್ಮನಾಗಿದ್ದರು.

ಬೊಮ್ಮಪ್ಪ ಹೆಮ್ಮೆಪಡುತ್ತಿದ್ದದ್ದು ಇವಾವುದಕ್ಕೂ ಅಲ್ಲ, ಸುಳಿ ನೋಡುವ ವಿದ್ಯೆಗೆ. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ಸುಳಿಯಾಗುವ ಜಾಗಗಳಿರುತ್ತವೆ. ಹಣೆಯ ನಡುವಿನ ಸುಳಿ ಒಳ್ಳೆಯದು. ಕಣ್ಣಿನ ಕೆಳಗಿನದು ಮನೆಯವರನ್ನು ಅಳಿಸುತ್ತದೆ. ಹೆಗಲಿನದು ಯಜಮಾನನನ್ನೇ ಕರೆದುಕೊಂಡು ಹೋಗುತ್ತದೆ. ಇದನ್ನೆಲ್ಲ ಅವನು ಅಪ್ಪನಿಂದ ಕಲಿತಿದ್ದ, ಅಪ್ಪ ಅವನ ಅಪ್ಪನಿಂದ. ಕೆಟ್ಟ ಸುಳಿಯ ಎತ್ತಿಗೆ ಗಿರಾಕಿ ಇರುವುದಿಲ್ಲ. ಆದರೆ ಆ ಸಂತೆಗಳಲ್ಲಿ ಒಂದು ವಿನಾಯಿತಿಯೂ ನಡೆದುಕೊಂಡು ಬಂದಿತ್ತು. ಅದೇ ಜಾಗದಲ್ಲಿ ಅದೇ ಸುಳಿ ಇರುವ ಇನ್ನೊಂದು ಎತ್ತು ಸಿಕ್ಕಿ, ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ, ದೋಷಕ್ಕೆ ದೋಷ ತಗಲಿ ಎರಡೂ ಕಳೆಯುತ್ತವೆ. ಜೋಡಿಸುಳಿ ಎಂದು ಅದರ ಹೆಸರು. ಒಂಟಿಯಾಗಿ ಯಾರೂ ಮುಟ್ಟದ ಎತ್ತುಗಳು ಜೋಡಿಯಾದ ಕೂಡಲೇ ಮದುವಣಿಗರಂತೆ ಹೋಗುತ್ತಿದ್ದವು. ಜೋಡಿ ಕೂಡಿಸುವುದರಲ್ಲಿ ಬೊಮ್ಮಪ್ಪನನ್ನು ಮೀರಿಸಿದವರಿಲ್ಲ. ಕೊಟ್ಟೂರಿನಲ್ಲಿ ಒಂದು ಎತ್ತು ಕಂಡರೆ ಅದರ ಜೊತೆಯದು ಹರಪನಹಳ್ಳಿ ಕಡೆಯ ಯಾವ ಕೊಟ್ಟಿಗೆಯಲ್ಲಿ ಮೇವು ತಿನ್ನುತ್ತಿದೆ ಎಂದು ಹೇಳುತ್ತಿದ್ದ.

ಮನೆಯಲ್ಲೂ ಒಂದು ಜೋಡಿ ನಿಶ್ಚಯವಾಗಿತ್ತು. ಬೊಮ್ಮಪ್ಪನ ಅಕ್ಕ ಹಂಪಕ್ಕನನ್ನು ತಂಬ್ರಹಳ್ಳಿಗೆ ಕೊಟ್ಟಿತ್ತು. ಬೊಮ್ಮಪ್ಪನಿಗೆ ಮಗಳು ಪಂಪಮ್ಮ ಹುಟ್ಟಿದಾಗ ಹಂಪಕ್ಕ ತೊಟ್ಟಿಲಲ್ಲೇ ಕೂಸಿನ ಕೈಗೆ ಬಳೆ ಇಟ್ಟು, "ಇದು ನಮ್ಮ ಶಿವಶಂಕರಗ" ಎಂದು ಹೇಳಿ ಹೋಗಿದ್ದಳು. ಅಕ್ಕನ ಮಗನಿಗೆ ಮಗಳನ್ನು ಕೊಡುವುದು ಆ ಮನೆತನದಲ್ಲಿ ಹೇಳಿ ಕೇಳಿ ಮಾಡುವ ಕೆಲಸವೇ ಅಲ್ಲ. ಪಂಪಮ್ಮ ಪಿಯುಸಿ ಮುಗಿಸಿದ್ದಳು. ಶಿವಶಂಕರ ಪಂಪ್‌ಸೆಟ್ ರಿಪೇರಿ ಕಲಿತಿದ್ದ. ಬೇರೆ ಕಸುಬುಗಳಿಗಿಂತ ಅವನಿಗೆ ಅದು ಹಿಡಿಸಿದ್ದಕ್ಕೆ ಕಾರಣ, ದಿನವಿಡೀ ಕಾಲನ್ನು ನೀರಿನಲ್ಲಿಟ್ಟುಕೊಂಡಿರಬಹುದು ಎಂಬುದು.

ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಕೂಡ್ಲಿಗಿಯ ಕಲ್ಯಾಣ ಮಂಟಪವೊಂದರಲ್ಲಿ ಉಚಿತ ಕಣ್ಣಿನ ಶಿಬಿರ ನಡೆಯಿತು. ಅದಕ್ಕೆ ಮುಂಚೆ ಬೊಮ್ಮಪ್ಪ ಒಂದು ಎತ್ತಿನ ಕೊರಳ ಕೆಳಗೆ ಜೋಲುವ ಗಂಗೆದೊಗಲಿನ ಮಡಿಕೆಯಲ್ಲಿದ್ದ ಸುಳಿಯನ್ನು ಕಾಣದೆ ಬಿಟ್ಟಿದ್ದ. ಕೊಟ್ಟೂರಿನ ದಲ್ಲಾಳಿ ಹುಲುಗಣ್ಣ ಇದನ್ನೇ ಹಿಡಿದು, "ಬೊಮ್ಮಣ್ಣಗ ಕಣ್ಣು ಹೋಗ್ಯಾವ, ಇನ್ನ ಅವ ಎತ್ತಿನ ಬಾಲ ಹಿಡದು ಕೊಂಬು ಅಂತಾನ" ಎಂದು ಸಂತೆಯೆಲ್ಲ ಹೇಳಿಕೊಂಡು ತಿರುಗಿದ. ಆದ್ದರಿಂದ ಬೊಮ್ಮಪ್ಪ ಮುಖಕ್ಕೆ ಟವಲು ಸುತ್ತಿಕೊಂಡು, ಯಾರಿಗೂ ಹೇಳದೆ ಶಿಬಿರಕ್ಕೆ ಹೋದ. ಅಲ್ಲಿ ಸಾಲಿನಲ್ಲಿದ್ದವರೆಲ್ಲ ಅವನ ಪರಿಚಯದವರೇ.

ಹೊಸಪೇಟೆಯಿಂದ ಬಂದಿದ್ದ ಡಾಕ್ಟರ್ ಅರುಣಕುಮಾರ್ ಎಳೆಯ ವಯಸ್ಸಿನವರು. ಬೆಳಗಿನಿಂದ ಮುದುಕರ ಪೊರೆಗಳನ್ನು ನೋಡಿ ನೋಡಿ ಅವರ ಮುಖ ಜೋಲುಬಿದ್ದಿತ್ತು. ಬೊಮ್ಮಪ್ಪನ ಗದ್ದವನ್ನು ಯಂತ್ರದ ಮೇಲಿಡಿಸಿ ಬೆಳಕು ಬಿಟ್ಟವರು ಇದ್ದಕ್ಕಿದ್ದಂತೆ ನೆಟ್ಟಗೆ ಕೂತರು. ಒಂದು ಕಣ್ಣು ನೋಡಿ, ಇನ್ನೊಂದು ನೋಡಿ, ಮತ್ತೆ ಮೊದಲನೆಯದಕ್ಕೆ ಬಂದರು.

"ಎದೆಬಡಿತಕ್ಕೆ ಅಂತ ಏನಾದರೂ ಗುಳಿಗೆ ನುಂಗ್ತೀರಾ?"

"ಇಲ್ರಿ. ಎಲಿ ಅಡಿಕಿ ಬಿಟ್ರ ಏನೂ ನುಂಗಂಗಿಲ್ಲ."

"ಬೆವರು ಬರುತ್ತಾ?"

ಬೊಮ್ಮಪ್ಪ ಗದ್ದ ಎತ್ತಿದ. ಅದು ಅವನ ವ್ಯಾಪಾರದ ಬಂಡವಾಳ. "ನಿಮಗ್ಯಾರು ಹೇಳಿದ್ರು?"

"ಕೈಕಾಲು ಉರಿಯುತ್ತಾ? ಚಿಕ್ಕಂದಿನಿಂದ?"

"ಹುಲುಗಣ್ಣ ಬಂದಿದ್ನೇನ್ರಿ ಇಲ್ಲಿ?"

"ಯಾವ ಹುಲುಗಣ್ಣ? ಎದ್ದು ನಿಂತು ಧೋತ್ರ ಸ್ವಲ್ಪ ಕೆಳಗೆ ಸರಿಸಿ."

ಕಣ್ಣಿನ ಡಾಕ್ಟರಿಗೆ ಧೋತ್ರದಿಂದ ಏನಾಗಬೇಕು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಸರಿಸಿದ. ಹೊಕ್ಕುಳ ಸುತ್ತ, ತೊಡೆಯ ಮೇಲೆ, ಸಾಸಿವೆಕಾಳಿನಷ್ಟು ಕಡುಗೆಂಪು ಚುಕ್ಕೆಗಳಿದ್ದವು. ಅವು ಹದಿವಯಸ್ಸಿನಿಂದಲೂ ಇದ್ದವು. ಅವನ ಹೆಂಡತಿ ಅಂಜಿನಕ್ಕನ ಹೊರತು ಯಾರೂ ಕಂಡಿರಲಿಲ್ಲ. ಡಾಕ್ಟರು ಪೊರೆ ನೋಡುವ ಬ್ಯಾಟರಿಯಿಂದಲೇ ಅವನ್ನು ನೋಡಿ ಸಂತೋಷದಿಂದ ಕೈ ತಿಕ್ಕಿಕೊಂಡರು. ಹಿಂದೆ ಸಾಲಿನಲ್ಲಿದ್ದ ಮುದುಕರು ಇದನ್ನೆಲ್ಲ ನೋಡುತ್ತಿದ್ದರು. ಕಣ್ಣಿನ ನರ ಹೊಕ್ಕುಳದಿಂದ ಹೊರಡುತ್ತದೆಯಂತೆ ಎಂದು ಯಾರೋ ಒಬ್ಬ ತಿಳಿದವನು ವಿವರಿಸಿದ. ತಮ್ಮ ಸರದಿ ಬಂದಾಗ ಡಾಕ್ಟರಿಗೆ ತಡವಾಗಬಾರದೆಂದು ಅವರೆಲ್ಲ ನಿಂತಲ್ಲೇ ಧೋತ್ರದ ಗಂಟು ಸಡಿಲಿಸತೊಡಗಿದರು. ಹೆಂಗಸರ ಸಾಲು ಗಾಬರಿಯಾಗಿ ಮನೆಗೆ ಹೋಯಿತು.

ಡಾಕ್ಟರು ಬೊಮ್ಮಪ್ಪನಿಗೆ ತಾವು ಕಂಡದ್ದನ್ನು ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಕಣ್ಣುಗುಡ್ಡೆಯ ಮುಂದೆ ಗಾಜಿನಂಥ ಒಂದು ಪದರವಿದೆ; ಅದರಲ್ಲಿ ತೆಳುಗಂದು ಗೆರೆಗಳು ಒಂದು ಬಿಂದುವಿನಿಂದ ಹೊರಟು ಬಾಗಿ ಬಾಗಿ ಸುತ್ತಿಕೊಂಡಿದ್ದವು. ಬೊಮ್ಮಪ್ಪ ಚೀಟಿಯನ್ನು ಅತ್ತಿತ್ತ ತಿರುಗಿಸಿ ನೋಡಿದ. ಆ ಆಕಾರವನ್ನು ಗುರುತಿಸಲು ಅವನಿಗೆ ಯಾರ ಸಹಾಯವೂ ಬೇಕಿರಲಿಲ್ಲ.

"ಇದು ಸುಳಿ," ಎಂದ.

"ಹೌದು. ನಮ್ಮ ಪುಸ್ತಕದಲ್ಲೂ ಸುಳಿ ಅಂತಲೇ ಕರೀತಾರೆ."

"ಎಡಕ್ಕ ತಿರುಗೈತ್ರ್ಯಾ, ಬಲಕ್ಕ ತಿರುಗೈತ್ರ್ಯಾ?"

ಡಾಕ್ಟರಿಗೆ ಇಂಥ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ. ಅವರು ಯಂತ್ರಕ್ಕೆ ವಾಪಸು ಹೋಗಿ ನೋಡಿ ಬಂದು ಉತ್ತರ ಹೇಳಿದರು. ಆಮೇಲೆ, ಎದೆಬಡಿತದ ಒಂದು ಗುಳಿಗೆಯಿಂದಲೂ ಇಂಥ ಸುಳಿ ಬರುತ್ತದೆ, ಅದನ್ನು ನುಂಗಿಲ್ಲವಾದ್ದರಿಂದ ಇದು ಫ್ಯಾಬ್ರಿ ಎಂಬ ಕಾಯಿಲೆ ಎಂದರು. ಮೈಯ ಪ್ರತಿಯೊಂದು ಕಣಕ್ಕೂ ಒಂದು ಸಣ್ಣ ತಿಪ್ಪೆಗುಂಡಿ ಇರುತ್ತದೆ. ಕಸ ಅಲ್ಲಿ ಕೊಳೆತು ಗೊಬ್ಬರವಾಗಬೇಕು. ಬೊಮ್ಮಪ್ಪನ ಗುಂಡಿಗಳಲ್ಲಿ ಒಂದು ಬಗೆಯ ಕೊಬ್ಬು ಕೊಳೆಯುವುದಿಲ್ಲ. ಹುಟ್ಟಿನಿಂದ ಹಾಗೇ ತುಂಬುತ್ತ ಬಂದಿದೆ. ಕಣ್ಣಿನಲ್ಲಿ ಅದು ಸುಳಿಯಾಗಿ ಕಾಣುತ್ತದೆ, ಅದರಿಂದ ದೃಷ್ಟಿಗೇನೂ ಆಗುವುದಿಲ್ಲ. ಆದರೆ ಅದೇ ಕೊಬ್ಬು ನರದಲ್ಲಿ ತುಂಬಿ ಉರಿಸುತ್ತದೆ, ಮೂತ್ರಪಿಂಡದಲ್ಲಿ ತುಂಬಿ ಒಂದು ದಿನ ಕೊಲ್ಲುತ್ತದೆ. ಇದು ತಾಯಿಯ ಕಡೆಯಿಂದ ಬಂದದ್ದು. ಗಂಡುಮಕ್ಕಳಿದ್ದರೆ ಅವರಿಗೆ ಇವನಿಂದ ಹೋಗುವುದಿಲ್ಲ, ಹೆಣ್ಣುಮಕ್ಕಳಿಗೆ ತಪ್ಪದೆ ಹೋಗುತ್ತದೆ.

"ಮನೆಯವರನ್ನೆಲ್ಲ ಹೊಸಪೇಟೆಗೆ ಕರಕೊಂಡು ಬನ್ನಿ. ರಕ್ತವನ್ನೂ ಪರೀಕ್ಷೆಗೆ ಕಳಿಸೋಣ. ನಿಮಗೆ ಬೇಕಾಗಿರೋದು ಹತ್ತಿರದ್ದು ಓದೋಕೆ ಒಂದು ಕನ್ನಡಕ, ಅಷ್ಟೇ."

ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಕನ್ನಡಕದ ಮಾತು ಯಾರಿಗೂ ಬೇಕಿರಲಿಲ್ಲ. ಸುಳಿ ನೋಡುವವನ ಕಣ್ಣಿನಲ್ಲೇ ಸುಳಿ ಇದೆ. ಎತ್ತಿನ ಹಣೆ, ಹೆಗಲು, ಬೆನ್ನು, ಬಾಲದ ಬುಡ, ಎಲ್ಲದಕ್ಕೂ ಹಿರಿಯರು ಶಾಸ್ತ್ರ ಮಾಡಿಟ್ಟಿದ್ದರು. ಕಣ್ಣಿನ ಒಳಗಿನ ಸುಳಿಗೆ ಮಾತ್ರ ಇರಲಿಲ್ಲ. ಕೂಡ್ಲಿಗಿಯವರು ಶುಭವೆಂದರು. ಹುಲುಗಣ್ಣ ಕೊಟ್ಟೂರಿನಲ್ಲಿ ಬೇರೆಯದನ್ನೇ ಹೇಳಿದ: "ಸುಳಿ ಇರೋದು ಅವನ ಕಣ್ಣಾಗ. ಹಂಗಾರ ಇಷ್ಟು ವರ್ಷ ನಮ್ಮ ಎತ್ತಿನ ಮ್ಯಾಲೆ ಅವ ಕಂಡಿದ್ದು ಎತ್ತಿಂದೋ, ತನ್ದೋ?" ಇದು ತರ್ಕಬದ್ಧವಾಗಿದ್ದುದರಿಂದ ಜನ ಕಂಗಾಲಾದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಮೊದಲು ಬೊಮ್ಮಪ್ಪನ ರೆಪ್ಪೆ ಅಗಲಿಸಿ ನೋಡತೊಡಗಿದರು. ಬ್ಯಾಟರಿ ಬಿಟ್ಟರು, ಗಡಿಯಾರ ರಿಪೇರಿಯವನ ಕಣ್ಣಿನ ಗಾಜನ್ನೂ ತಂದು ನೋಡಿದರು. ಯಂತ್ರವಿಲ್ಲದೆ ಏನೂ ಕಾಣುವುದಿಲ್ಲ. ಕಾಣದವರೆಲ್ಲ ಕಂಡೆವೆಂದೇ ಹೇಳಿದರು.

ಬೊಮ್ಮಪ್ಪ ಮನೆಯವರನ್ನೆಲ್ಲ ಬಸ್ಸಿನಲ್ಲಿ ಹೊಸಪೇಟೆಗೆ ಕರೆದೊಯ್ದ. ತಂಬ್ರಹಳ್ಳಿಯಿಂದ ಹಂಪಕ್ಕನೂ ಮಗನನ್ನು ಹೊರಡಿಸಿಕೊಂಡು ಬಂದಳು. ಒಬ್ಬೊಬ್ಬರೇ ಯಂತ್ರದ ಮೇಲೆ ಗದ್ದ ಇಟ್ಟರು. ಹಂಪಕ್ಕನ ಕಣ್ಣಿನಲ್ಲಿ ಸುಳಿ. ಪಂಪಮ್ಮನ ಕಣ್ಣಿನಲ್ಲಿ ಸುಳಿ. ಶಿವಶಂಕರನ ಕಣ್ಣಿನಲ್ಲಿ ಮಾವನದರಂತೆಯೇ ಢಾಳಾದ ಸುಳಿ. ಅಂಜಿನಕ್ಕನ ಕಣ್ಣು ಮಾತ್ರ ತಿಳಿಯಾಗಿತ್ತು. ಎಲ್ಲರಿಗೂ ಇರುವುದು ತನಗೊಬ್ಬಳಿಗೆ ಇಲ್ಲವಲ್ಲ ಎಂದು ಅವಳ ಮುಖ ಸಣ್ಣಗಾಯಿತು. "ಇನ್ನೊಂದ್ಸಲ ನೋಡ್ರಿ, ಸಣ್ಣದಾದ್ರೂ ಇರಬೌದು," ಎಂದಳು.

ಮದುವೆಯ ವಿಷಯ ಕೇಳಿ ಡಾಕ್ಟರು ಪೆನ್ನು ಕೆಳಗಿಟ್ಟರು. ಇವರಿಬ್ಬರಿಗೂ ಮದುವೆ ಮಾಡಬಾರದು ಎಂದರು. ಹುಟ್ಟುವ ಗಂಡುಮಕ್ಕಳಲ್ಲಿ ಅರ್ಧದಷ್ಟು ಜನ ಬೊಮ್ಮಪ್ಪನಂತಾಗುವ ಸಂಭವವಿದೆ. ಹೆಣ್ಣು ಹುಟ್ಟಿದರೆ ತಂದೆಯಿಂದ ಬರುವುದು ಖಂಡಿತ. ತಾಯಿಯಿಂದಲೂ ಬಂದರೆ ಆ ಮಗುವಿನ ಮೈಯಲ್ಲಿ ಕಸ ಕೊಳೆಸುವ ಗುಂಡಿ ಒಂದೂ ಉಳಿಯುವುದಿಲ್ಲ. ಹೊರದೇಶದಲ್ಲಿ ಔಷಧ ಬಂದಿದೆ, ಅದು ನಮ್ಮ ಕೈಗೆ ಎಟಕುವಂಥದ್ದಲ್ಲ.

ಹಂಪಕ್ಕ ಎಲ್ಲವನ್ನೂ ಗಮನವಿಟ್ಟು ಕೇಳಿದಳು. "ಅಂದ್ರ ಇಬ್ಬರಿಗೂ ಒಂದಾ ಸುಳಿ," ಎಂದಳು.

"ಹೌದಮ್ಮ."

"ಒಂದಾ ಜಾಗದಾಗ."

"ಹೌದು, ಅದಕ್ಕೇ—"

"ಸಾಕು ಬಿಡ್ರಿ," ಎಂದು ಹಂಪಕ್ಕ ಎದ್ದಳು. ಅವಳ ಮುಖ ಅರಳಿತ್ತು. ದನದ ದಲ್ಲಾಳಿಯ ಮಗಳು, ದಲ್ಲಾಳಿಯ ಅಕ್ಕ. ಜೋಡಿಸುಳಿಯ ಶಾಸ್ತ್ರವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ತಮ್ಮನಿಗೆ ಹೇಳಿದಳು: "ಲೇ ಬೊಮ್ಮಾ, ಹೊರಗಿನ ಹುಡುಗಗ ಕೊಟ್ಟಿದ್ರ ಪಂಪಿ ಒಂಟಿ ಸುಳಿ ಆಗಿ ಆ ಮನಿ ಹಾಳು ಮಾಡ್ತಿದ್ಲು. ದೇವರು ಮನಿಯಾಗ ಜೋಡಿ ಇಟ್ಟಾನ. ಆ ಹುಡುಗ ಡಾಕ್ಟರಗ ದನದ ಗ್ಯಾನ ಇಲ್ಲ, ಪಾಪ."

ಅಕ್ಕ ಹೇಳಿದ್ದು ಬೊಮ್ಮಪ್ಪನೇ ಸಂತೆಯಲ್ಲಿ ಸಾವಿರ ಸಲ ಹೇಳಿದ ಮಾತು.

ಮದುವೆ ನಿಶ್ಚಯದ ವೀಳ್ಯಕ್ಕೆ ದಿನ ಗೊತ್ತಾಯಿತು. ಅಷ್ಟರಲ್ಲಿ ರಕ್ತದ ಫಲಿತಾಂಶವೂ ಬಂದು ಡಾಕ್ಟರು ಹೇಳಿದ್ದೇ ನಿಜವಾಯಿತು. ಮೂತ್ರಪಿಂಡ ಕಾಯಲು ಬಿಪಿ ಗುಳಿಗೆ, ಉರಿಗೆ ಮೂರ್ಛೆರೋಗದವರು ನುಂಗುವ ಗುಳಿಗೆ ಶುರುವಾದವು. ಕೆಲವು ವಾರಗಳಲ್ಲಿ ಬೊಮ್ಮಪ್ಪನ ಕೈ ಉರಿ ಅರ್ಧಕ್ಕಿಳಿಯಿತು. ಬುದ್ಧಿ ಬಂದಾಗಿನಿಂದ ಮೊದಲ ಬಾರಿಗೆ ಅವನು ಬಿಸಿ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಮುರಿದ. ವ್ಯಾಪಾರಕ್ಕೆ ಅದರಿಂದ ಪೆಟ್ಟುಬಿತ್ತು. ಟವಲಿನ ಕೆಳಗೆ ಯಾರು ಹೇಗೆ ಒತ್ತಿದರೂ ಅವನ ಮುಖ ಬದಲಾಗಲಿಲ್ಲ; ಇಳಿಯಬೇಕೋ ಏರಬೇಕೋ ತಿಳಿಯದೆ ಎರಡೂ ಕಡೆಯವರು ಕೈ ಹಿಡಿದುಕೊಂಡೇ ನಿಂತರು. ಈಗ ಅವನಿಗೆ ಉಳಿದಿದ್ದದ್ದು ಸುಳಿಯ ವಿದ್ಯೆ ಮಾತ್ರ.

ಅವನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಜೋಡಿಸುಳಿ ಸತ್ಯವಾದರೆ ಮಗಳ ಮದುವೆ ನಿಲ್ಲಿಸಲು ಕಾರಣವಿಲ್ಲ. ಡಾಕ್ಟರು ಹೇಳಿದ್ದು ಸತ್ಯವಾದರೆ ಮಗಳ ಹೊಟ್ಟೆಯಲ್ಲಿ ಹುಟ್ಟುವ ಕೂಸು ತೊಟ್ಟಿಯಲ್ಲಿ ಕಾಲಿಟ್ಟು ಅಳುತ್ತದೆ. ಎರಡನ್ನೂ ನಂಬುವುದಕ್ಕೆ ಅವನು ಬಹಳ ಪ್ರಯತ್ನಪಟ್ಟ. ಅದಕ್ಕೆ ದಾರಿ ಕಾಣದೆ ಒಂದು ದಿನ ತಂಬ್ರಹಳ್ಳಿಗೆ ಹೋಗಿ, ಹೊಲದಲ್ಲಿ ಮೋಟರು ಬಿಚ್ಚಿಕೊಂಡು ಕೂತಿದ್ದ ಶಿವಶಂಕರನ ಪಕ್ಕ ಕೂತ. ಹುಡುಗನ ಎರಡೂ ಕಾಲು ಕಾಲುವೆಯಲ್ಲಿದ್ದವು.

"ಗುಳಿಗಿ ನುಂಗಾಕತ್ತಿಯೇನ?"

"ಹೂಂ ಮಾಮಾ. ಉರಿ ಕಮ್ಮಿ ಆಗೈತಿ. ತೂಕಡಿಕಿ ಬರ್ತೈತಿ. ಮೊನ್ನಿ ಒಬ್ಬರ ಮೋಟರ್ ಉಲ್ಟಾ ಜೋಡಿಸಿ ಬಂದೆ."

"ಪಂಪೀನ ಮಾಡಿಕೊಳ್ಳಾಕ ನಿನಗ ಮನಸೈತೋ ಇಲ್ಲೋ?"

ಶಿವಶಂಕರ ಸ್ಪ್ಯಾನರ್ ಒರೆಸಿದ. "ಆಕಿ ಚಲೋ ಹುಡುಗಿ. ಬಾಯಿ ಜೋರು, ಆದ್ರ ಚಲೋ." ಅದನ್ನು ಬದಿಗಿಟ್ಟು ಹೇಳಿದ: "ಮಾಮಾ, ಒಂದು ಕಡಿಂದ ಬಂದಿದ್ದನ್ನ ನಾನು ತಡಕಂತೀನಿ, ನೀನು ತಡಕಂತೀ. ಕೂಸಿಗೆ ಎರಡೂ ಕಡಿಂದ ಬಂದ್ರ ಈ ಕಾಲುವಿ ನೀರು ಸಾಲಂಗಿಲ್ಲ."

"ಹಂಗಂತ ನಿಮ್ಮವ್ವಗ ಹೇಳು."

"ನೀನಾ ಹೇಳು. ಆಕಿ ನಿನಗ ಅಕ್ಕ, ನನಗ ಅವ್ವ. ನನಗ ಹೆದರಿಕಿ ಜಾಸ್ತಿ."

ವೀಳ್ಯದ ದಿನ ಬೊಮ್ಮಪ್ಪನ ಮನೆಯ ಮುಂದೆ ಚಪ್ಪರ ಹಾಕಿ ಜಮಖಾನೆ ಹಾಸಿತ್ತು. ಹಂಪಕ್ಕ ಬಳಗದವರನ್ನಷ್ಟೇ ಅಲ್ಲ, ಹುಲುಗಣ್ಣನನ್ನೂ ಕರೆತಂದಿದ್ದಳು. ಸುಳಿಯ ವಿಷಯದಲ್ಲಿ ತಮ್ಮ ತನ್ನ ಮನೆಯದಕ್ಕೆ ತಾನೇ ತೀರ್ಪು ಕೊಟ್ಟರೆ ಜನ ಒಪ್ಪುವುದಿಲ್ಲ, ಎದುರಾಳಿಯ ಬಾಯಲ್ಲೇ ಬರಲಿ ಎಂಬುದು ಅವಳ ಯೋಚನೆ. ಹೊಸಪೇಟೆಯಲ್ಲಿ ಡಾಕ್ಟರು ಬರೆದುಕೊಟ್ಟಿದ್ದ ಪಂಪಮ್ಮ, ಶಿವಶಂಕರರ ಕಣ್ಣಿನ ಎರಡು ಚಿತ್ರಗಳನ್ನು ಹುಲುಗಣ್ಣ ಅಕ್ಕಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದ.

"ಅಚ್ಚು ಹೊಯ್ದಂಗ ಅದಾವ," ಎಂದ. "ಇಂಥಾ ಜೋಡಿ ನಾನು ಕೊಟ್ಟೂರು ಸಂತಿಯಾಗ ಕಂಡಿಲ್ಲ."

ಬಾಗಿಲಲ್ಲಿ ನಿಂತಿದ್ದ ಪಂಪಮ್ಮ ಹೇಳಿದಳು: "ಹಲ್ಲೂ ನೋಡಿಬಿಡು ಕಾಕಾ. ಆಮ್ಯಾಲೆ ವಯಸ್ಸು ತಪ್ಪಿ ಹೇಳ್ಯಾರ ಅಂತ ಅನ್ನಬ್ಯಾಡ."

"ನೋಡಿದ್ರೇನ ಈಕಿ ಬಾಯಿ," ಎಂದು ಹಂಪಕ್ಕ ಹೆಮ್ಮೆಯಿಂದ ಎಲ್ಲರ ಕಡೆ ತಿರುಗಿದಳು. "ಎಲಿ ಅಡಿಕಿ ತಟ್ಟಿ ತರ್ರಿ."

ತಟ್ಟೆ ಬಂತು. ಬೊಮ್ಮಪ್ಪ ಅದನ್ನು ಮುಟ್ಟಲಿಲ್ಲ.

"ಯಕ್ಕಾ, ಈ ಮದುವಿ ಬ್ಯಾಡ."

"ಯಾಕ?"

"ಡಾಕ್ಟರು ಹೇಳಿದ್ದು ಕೇಳಿದಿ. ಕೂಸಿಗೆ ಎರಡೂ ಕಡಿಂದ ಬರ್ತೈತಿ."

"ಎರಡೂ ಕಡಿಂದ ಬಂದ್ರ ಕಳೀತೈತಿ. ನೀನಾ ಹೇಳೀದಿ ನಮ್ಮೂರ ಗೌಡ್ರ ಎತ್ತಿಗೆ."

"ಎತ್ತಿಗೆ ಹೇಳೀನಿ. ನಮ್ಮಪ್ಪನೂ ಹೇಳ್ಯಾನ. ಅದರಾಗ ಏನೂ ಇಲ್ಲ ಯಕ್ಕಾ. ಕೂದಲು ಹೆಂಗ ಬೆಳೀತೈತೋ ಹಂಗ ತಿರುಗಿರ್ತೈತಿ, ಅಷ್ಟ. ಜೋಡಿ ಮಾಡಿದ್ರ ಏನೂ ಕಳಿಯಂಗಿಲ್ಲ."

ಚಪ್ಪರದ ಕೆಳಗೆ ಅಡಿಕೆ ಅಗಿಯುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಹುಲುಗಣ್ಣನಿಗೂ ಇದು ಹೆಚ್ಚಾಯಿತು. ಎದುರಾಳಿ ಬೀಳಲಿ ಎಂದು ಬಯಸಿದ್ದನೇ ಹೊರತು ಅವನ ಜೊತೆ ಅಂಗಡಿಯೂ ಬೀಳಲಿ ಎಂದಲ್ಲ.

"ಬೊಮ್ಮಣ್ಣ, ಆ ಗುಳಿಗಿ ನಿನಗ ತಲಿಗೇರೈತಿ. ಸುಳಿ ಸುಳ್ಳಂದ್ರ ನಾಳಿ ಸಂತಿಯಾಗ ನಿನ್ನನ್ಯಾರು ಕರೀತಾರ?"

"ಕರೀದಿದ್ರ ಬ್ಯಾಡ."

"ಅಂದ್ರ ಅಪ್ಪನ ವಿದ್ಯಾ ಮಣ್ಣುಪಾಲು ಮಾಡಿ, ಕೊಟ್ಟ ಮಾತು ಮಣ್ಣುಪಾಲು ಮಾಡಿ, ಕೂಡ್ಲಿಗಿ ತನಕ ಒಂದ್ಸಲನೂ ಬರದ ಆ ಹುಡುಗ ಡಾಕ್ಟರನ ಮಾತು ನಿನಗ ಹೆಚ್ಚಾತು," ಎಂದಳು ಹಂಪಕ್ಕ.

"ಅವರು ಬಂದಿದ್ರು ಯಕ್ಕಾ. ಧೋತ್ರ ಬಿಚ್ಚಿಸಿದ್ದು ಅವರಾ."

ನಗಬೇಕೋ ಬಾರದೋ ಯಾರಿಗೂ ತಿಳಿಯಲಿಲ್ಲ. ಹಂಪಕ್ಕ ಎದ್ದು, ತಟ್ಟೆಯಲ್ಲಿದ್ದ ತನ್ನ ಪಾಲಿನ ತೆಂಗಿನಕಾಯಿಯನ್ನು ಸೆರಗಿಗೆ ಕಟ್ಟಿಕೊಂಡು, ಮಗನನ್ನು ಕರೆದುಕೊಂಡು ಹೊರಟುಹೋದಳು. ಶಿವಶಂಕರ ಹೋಗುವಾಗ ಮಾವನ ಕಡೆ ತಿರುಗಿ ನೋಡಿದ. ಅವನಿಗೆ ನಿರಾಳವಾಗಿತ್ತು, ಅದನ್ನು ತೋರಿಸುವ ಧೈರ್ಯವಿರಲಿಲ್ಲ.

ಮುಂದಿನ ಸಂತೆಗೆ ಬೊಮ್ಮಪ್ಪ ಕಸುಬು ಮುಗಿಯಿತೆಂದುಕೊಂಡೇ ಹೋದ. ಸಂತೆಯವರು ಮಾತ್ರ ಅವನ ಮಾತನ್ನು ಬದಿಗಿಟ್ಟು ಅವನು ಮಾಡಿದ್ದನ್ನು ಹಿಡಿದುಕೊಂಡಿದ್ದರು. ತೊಟ್ಟಿಲಿನಿಂದ ನಿಶ್ಚಯವಾದ ಜೋಡಿಯನ್ನು, ಒಡಹುಟ್ಟಿದ ಅಕ್ಕನ ಮಗನನ್ನು, ಒಂದೇ ಸುಳಿ ಎಂಬ ಕಾರಣಕ್ಕೆ ಈ ಮನುಷ್ಯ ಬಿಟ್ಟಿದ್ದಾನೆ. ಸುಮ್ಮನೆ ಯಾರು ಬಿಡುತ್ತಾರೆ? ಅಂದಮೇಲೆ ಜೋಡಿಸುಳಿ ಕಳೆಯುವುದಿಲ್ಲ, ಕೂಡುತ್ತದೆ. ಒಂದೇ ಸುಳಿಯ ಎರಡು ಎತ್ತುಗಳನ್ನು ಒಂದು ನೊಗಕ್ಕೆ ಕಟ್ಟಿದರೆ ಮನೆ ಉಳಿಯುವುದಿಲ್ಲ. ಹುಲುಗಣ್ಣನೇ ಈ ಹೊಸ ಶಾಸ್ತ್ರವನ್ನು ಮೊದಲು ಸಾರಿದವನು. ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಯವರೆಗೆ ಜೋಡಿಸುಳಿಯ ಎತ್ತುಗಳನ್ನು ಕಟ್ಟಿಕೊಂಡಿದ್ದವರು ನಿದ್ದೆಗೆಟ್ಟರು. ವರ್ಷಗಟ್ಟಲೆ ಒಟ್ಟಿಗೆ ಉತ್ತ ಎತ್ತುಗಳನ್ನು ಬೇರೆ ಬೇರೆ ಮಾಡಿಸಲು ಬೊಮ್ಮಪ್ಪನ ಮನೆ ಮುಂದೆ ಸಾಲು ನಿಂತಿತು.

"ಏನೂ ಆಗಂಗಿಲ್ಲ, ಹಂಗಾ ಹೂಡ್ರಿ," ಎಂದು ಅವನು ಹೇಳಿ ಹೇಳಿ ಸಾಕಾದ.

"ನಮಗ್ಯಾಕ ಮುಚ್ಚಿಡ್ತೀ ಬೊಮ್ಮಣ್ಣ? ನಿನ್ನ ಮನಿಯಾಗ ಒಂದು ನ್ಯಾಯ, ನಮಗೊಂದು ನ್ಯಾಯ?" ಎಂದು ಅವರು ಮುನಿಸಿಕೊಂಡರು. ಕೊನೆಗೆ ಅವನು ಎತ್ತುಗಳನ್ನು ಬೇರೆ ಮಾಡಿಕೊಟ್ಟ. ತಾನು ಕಟ್ಟಿದ ಜೋಡಿಗಳನ್ನೇ ತಾನು ಬಿಡಿಸುತ್ತ ಊರೂರು ತಿರುಗಿದ. ಅವನಿಗೆ ಅಂಥ ಹೆಸರು ಮೊದಲು ಬಂದಿರಲಿಲ್ಲ.

ಪಂಪಮ್ಮನಿಗೆ ಹರಪನಹಳ್ಳಿಯ ಟೈಲರ್ ಹನುಮಣ್ಣ ಎಂಬವನ ಕಡೆಯಿಂದ ಸಂಬಂಧ ಬಂತು. ಅಪ್ಪ ಬಾಯಿ ತೆರೆಯುವ ಮೊದಲೇ ಅವಳು ಹುಡುಗನಿಗೆ ಎಲ್ಲವನ್ನೂ ಹೇಳಿದಳು. ಕಣ್ಣಿನಲ್ಲಿ ಸುಳಿ ಇದೆ, ಮಕ್ಕಳಿಗೆ ಅರ್ಧಕ್ಕರ್ಧ ಬರಬಹುದು, ಹುಟ್ಟಿದ ಮೇಲೆ ರಕ್ತ ನೋಡಿಸಿ ಮೊದಲಿನಿಂದಲೇ ಜೋಪಾನ ಮಾಡಬೇಕು. ಹನುಮಣ್ಣ ಯೋಚಿಸಿ ಕೇಳಿದ: "ನಿಂಗೆ ಕಣ್ಣು ಸರಿಯಾಗಿ ಕಾಣ್ಸುತ್ತಾ?"

"ಚಲೋ ಕಾಣ್ತೈತಿ."

"ಸೂಜಿಗೆ ದಾರ ಪೋಣಿಸ್ತೀಯಾ?"

"ಪೋಣಸ್ತೀನಿ."

"ಹಂಗಾರೆ ಆಯ್ತು ಬಿಡು."

ಆ ಮದುವೆಗೆ ಹಂಪಕ್ಕ ಬರಲಿಲ್ಲ. ಹಬ್ಬ ಹುಣ್ಣಿಮೆಗೂ ಮಾತಿಲ್ಲ. ಮುಂದೆ ಬೊಮ್ಮಪ್ಪ ಅಕ್ಕನನ್ನು ಕಂಡದ್ದು ಡಾಕ್ಟರ್ ಅರುಣಕುಮಾರರ ಹೊಸಪೇಟೆಯ ದವಾಖಾನೆಯಲ್ಲಿ. ಅವನು ಮೂತ್ರ ಪರೀಕ್ಷೆಗೆ ಬಂದಿದ್ದ. ಅಲ್ಲಿ ಕೂರಲು ಜಾಗವಿರಲಿಲ್ಲ. ಹಿರೇಹಡಗಲಿ, ಕೊಟ್ಟೂರು, ಎಲ್ಲಿಯವರೆಂದರೆ ಅಲ್ಲಿಯವರು. ರೇಷ್ಮೆ ಸೀರೆ, ಹೂವಿನ ಬುಟ್ಟಿ, ಒಬ್ಬರ ಕೈಯಲ್ಲಿ ವೀಳ್ಯದ ತಟ್ಟೆ. ಯಾರಿಗೂ ಕಣ್ಣುನೋವಿಲ್ಲ. ಗಂಡು ಹೆಣ್ಣಿನ ಕಣ್ಣಿನಲ್ಲಿ ಒಂದೇ ಸುಳಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳದೆ ಐದು ತಾಲೂಕಿನಲ್ಲಿ ಯಾರೂ ಮಾತು ಮುಗಿಸುತ್ತಿರಲಿಲ್ಲ. ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಯನ್ನು ಡಾಕ್ಟರು ದಿನಕ್ಕೆ ನಲವತ್ತು ಜೋಡಿ ಕಣ್ಣಿನಲ್ಲಿ ಹುಡುಕಿ, ಇಲ್ಲ ಇಲ್ಲ ಎಂದು ಹೇಳಿ ಗಂಟಲು ಕಟ್ಟಿಸಿಕೊಂಡಿದ್ದರು.

ಬಾಗಿಲಿಗೆ ಬಂದ ಡಾಕ್ಟರು ಬೊಮ್ಮಪ್ಪನನ್ನು ಕಂಡು, "ಏನ್ರಿ ಇದು, ನಿಮ್ಮ ಸಂತೆ ನಂಗೆ ವರ್ಗ ಆಯ್ತಾ?" ಎಂದರು.

ಬೆಂಚಿನ ತುದಿಯಲ್ಲಿ ಹಂಪಕ್ಕ ಕೂತಿದ್ದಳು, ಪಕ್ಕದಲ್ಲಿ ಹಡಗಲಿಯ ಕಡೆಯ ಒಂದು ಹುಡುಗಿ. ಶಿವಶಂಕರನಿಗೆ ನೋಡಿದ್ದು. ತಮ್ಮನನ್ನು ಕಂಡು ಹಂಪಕ್ಕ ಸ್ವಲ್ಪ ಸರಿದು ಜಾಗ ಬಿಟ್ಟಳು. ಅವನು ಕೂತ.

"ಈಕಿ ಕಣ್ಣಾಗ ಏನೂ ಇಲ್ಲಂತ," ಎಂದಳು, ಅಂಗಡಿಯವನು ತೂಕದಲ್ಲಿ ಕಡಿಮೆ ಕೊಟ್ಟನೆಂಬ ಧ್ವನಿಯಲ್ಲಿ.

"ಚಲೋ ಆತಲ್ಲ ಯಕ್ಕಾ."

"ಶಿವಶಂಕರಗ ಗಂಡು ಹುಟ್ಟಿದ್ರ ಬರಂಗಿಲ್ಲಂತ. ಹೆಣ್ಣು ಹುಟ್ಟಿದ್ರ ತಪ್ಪಂಗಿಲ್ಲಂತ."

"ಹೌದು. ಹುಟ್ಟಿದ ಕೂಡ್ಲೆ ಇಲ್ಲಿ ತೋರಸ್ರಿ. ಹೆಣ್ಣುಮಕ್ಕಳಿಗೆ ಒಂದೇ ಕಡಿಂದ ಬಂದ್ರ ಅಷ್ಟು ತ್ರಾಸ ಇರಂಗಿಲ್ಲ. ನಿನಗೇನಾಗೈತಿ?"

"ನನಗೇನಾಗೈತಿ. ಗಟ್ಟಿ ಅದೀನಿ." ಹಂಪಕ್ಕ ಹುಡುಗಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ಹೆಣ್ಣಾ ಹುಟ್ಟಲಿ. ನಮ್ಮವ್ವನ ಕಣ್ಣು ಮನಿಯಾಗ ಒಂದಾದ್ರೂ ಉಳೀಲಿ."

"ಯಕ್ಕಾ, ಅದು ಕಾಯಿಲಿ."

"ಗೊತ್ತೈತಿ. ನಿನಗೂ ಕಾಯಿಲೀನ. ನಿನ್ನೇನು ಹೊರಗ ಹಾಕಿದ್ವೇನು?"

"ಎರಡು ವರ್ಷ ಮಾತಾಡಿಸಿಲ್ಲ ನೀನು."

"ಅದು ಬ್ಯಾರೆ," ಎಂದಳು ಹಂಪಕ್ಕ. "ಮದುವಿಗೆ ಪಂಪೀನ ಕಳಸು. ಸೀರಿ ಜಾಕೀಟು ಆಕಿ ಗಂಡನಾ ಹೊಲಿದು ಕೊಡಲಿ, ನಾನು ಬ್ಯಾರೆಯವರಿಗೆ ಕೊಡಂಗಿಲ್ಲ."

ಒಳಗಿನಿಂದ ಡಾಕ್ಟರು ಮುಂದಿನ ಜೋಡಿಯನ್ನು ಕರೆದರು. ಒಂದೇ ಸಲ ಮೂರು ಜೋಡಿಗಳು ಎದ್ದು ನಿಂತವು.